ಶೇ. 51 ತೋರಿಸುತ್ತಲೇ ಆಫ್ ಆಗುವ ಬ್ಯಾಟರಿ ಪ್ಯಾಕ್: ದೂರು

ಶಿರಸಿ, ಆಗಸ್ಟ್ 4

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: 12.8 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್‌ನ ಚಾರ್ಜ್ ಮೀಟರ್ ತಪ್ಪು ತೋರಿಸುವ ಬಗ್ಗೆ

ಮಾನ್ಯರೇ,

ಶಿರಸಿ ತಾಲೂಕಿನ ಏಳು ಮನೆಗಳಲ್ಲಿ ಸೋಲಾರ್ ಇನ್‌ವರ್ಟರ್‌ಗೆ ನಿಮ್ಮ ಪ್ಯಾಕ್ ಜೋಡಿಸಿದೆ. ಮಳೆಗಾಲ ಹಿಡಿದ ಮೇಲೆ ಎಲ್ಲದರದ್ದೂ ಒಂದೇ ರೋಗ: ಡಿಸ್‌ಪ್ಲೇ ಅರ್ಧ ಚಾರ್ಜ್ ಇದೆ ಎನ್ನುತ್ತಿರುವಾಗಲೇ ಪ್ಯಾಕ್ ಆಫ್ ಆಗುತ್ತದೆ. ನಿಮ್ಮ ಸರ್ವಿಸ್ ಸೆಂಟರ್‌ನವರು ‘ಸೆಲ್ ವೀಕ್’ ಎಂದು ಬರೆದುಕೊಟ್ಟು ಕೈತೊಳೆದುಕೊಂಡಿದ್ದಾರೆ.

ಸೆಲ್ ವೀಕ್ ಆಗಿಲ್ಲ. ಒಂದು ಪ್ಯಾಕನ್ನು 14.4 ವೋಲ್ಟ್‌ಗೆ ಏರಿಸಿ, ಚಾರ್ಜಿಂಗ್ ಕರೆಂಟ್ 5 ಆಂಪ್‌ಗಿಂತ ಕೆಳಗಿಳಿಯುವ ತನಕ ಕಾದು, ಒಂದು ತಾಸು ಬಿಟ್ಟು, 10 ಆಂಪ್ ಸ್ಥಿರ ಲೋಡ್ ಹಾಕಲಾಯಿತು. 10 ವೋಲ್ಟ್‌ಗೆ ಇಳಿಯಲು 9 ತಾಸು 40 ನಿಮಿಷ ಹಿಡಿಯಿತು, ಅಂದರೆ ಸುಮಾರು 97 ಎಎಚ್. ಆಗ ಡಿಸ್‌ಪ್ಲೇಯಲ್ಲಿದ್ದದ್ದು ಶೇ. 3. ಒಳಹೋದ, ಹೊರಬಂದ ಕರೆಂಟನ್ನು ಎಣಿಸಿಯೇ ಮೀಟರ್ ಚಾರ್ಜ್ ಹೇಳುವುದು; ದೊಡ್ಡ ಕರೆಂಟನ್ನು ಅದು ಸರಿಯಾಗಿಯೇ ಎಣಿಸುತ್ತದೆ.

ತಪ್ಪುವುದು ಸಣ್ಣ ಕರೆಂಟಿನಲ್ಲಿ. ಲೋಡನ್ನು 0.1 ಆಂಪ್‌ನಂತೆ ಏರಿಸುತ್ತ ಹೋದರೆ 0.5 ದಾಟುವ ತನಕ ಡಿಸ್‌ಪ್ಲೇ 0.0 ಎಂದೇ ಹೇಳುತ್ತದೆ. ಕರೆಂಟ್ ಅಳೆಯುವ ಸೆನ್ಸರ್‌ನ ಶೂನ್ಯ ಅತ್ತಿತ್ತ ಸರಿಯುವುದು ಕಾಣಬಾರದೆಂದು ಅಷ್ಟನ್ನು ಲೆಕ್ಕದಿಂದಲೇ ಬಿಟ್ಟಂತಿದೆ. ಆದರೆ ಇನ್‌ವರ್ಟರ್ ಸುಮ್ಮನೆ ಆನ್ ಇದ್ದರೂ 0.4 ಆಂಪ್ ಎಳೆಯುತ್ತದೆ (ಮಲ್ಟಿಮೀಟರನ್ನು 10 ಆಂಪ್ ರೇಂಜ್‌ನಲ್ಲಿ ಸರಣಿಯಾಗಿ ಜೋಡಿಸಿ ಅಳೆದದ್ದು). ದಿನಕ್ಕೆ 9.6 ಎಎಚ್, ಐದು ದಿನಕ್ಕೆ 48. ಐದು ದಿನ ಫುಲ್ ಆಗದೆ ಉಳಿದ ಪ್ಯಾಕ್ ಆಫ್ ಆದದ್ದು ಶೇ. 51ರಲ್ಲಿ, ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ.

ಬೇಸಿಗೆಯಲ್ಲಿ ಇದು ಗೊತ್ತಾಗುವುದಿಲ್ಲ. ಮಧ್ಯಾಹ್ನದೊಳಗೆ ಪ್ಯಾಕ್ ಫುಲ್ ಆಗಿ ಮೀಟರ್ ತಾನಾಗಿ 100ಕ್ಕೆ ಸರಿಹೋಗುತ್ತದೆ. ಆಷಾಢದಲ್ಲಿ ಆ ಬಿಸಿಲೆಲ್ಲಿ? ‘ತಿಂಗಳಿಗೊಮ್ಮೆ ಫುಲ್ ಚಾರ್ಜ್ ಮಾಡಿ’ ಎಂಬ ನಿಮ್ಮ ಸಲಹೆಯೂ ಸಾಲದು: ತಪ್ಪು ಬೆಳೆಯುವುದು ದಿನದ ಲೆಕ್ಕದಲ್ಲಿ. ಲೈನ್ ಕರೆಂಟಿನಿಂದ ತುಂಬಿಸೋಣವೆಂದರೆ, ಮರ ಬಿದ್ದು ಲೈನ್ ಹೋದ ದಿನಗಳಲ್ಲೇ ಈ ಮೀಟರ್ ನಂಬಬೇಕಾಗುವುದು. ವೋಲ್ಟೇಜ್ ನೋಡಿ ಅಂದಾಜು ಮಾಡುವಂತೆಯೂ ಇಲ್ಲ. ಈ ಜಾತಿಯ ಸೆಲ್‌ನಲ್ಲಿ ಶೇ. 40ಕ್ಕೂ 60ಕ್ಕೂ ಇರುವ ವೋಲ್ಟೇಜ್ ಅಂತರ ತೀರ ಸಣ್ಣದು.

ನಮಗೆ ಹೊಸ ಪ್ಯಾಕ್ ಬೇಡ, ಫರ್ಮ್‌ವೇರ್ (ಮೀಟರ್‌ನೊಳಗಿನ ತಂತ್ರಾಂಶ) ಸರಿಮಾಡಿಕೊಡಿ. ಎಣಿಕೆಯ ಮಿತಿ 0.5ರಿಂದ 0.05 ಆಂಪ್‌ಗೆ ಇಳಿಯಲಿ. ಅದಕ್ಕೆ ಮೊದಲು, ಲೋಡ್ ಕಳಚಿ ಶೂನ್ಯ ಹೊಂದಿಸುವ ಆಯ್ಕೆ ಮೆನುವಿನಲ್ಲಿ ಬರಲಿ, ಇಲ್ಲದಿದ್ದರೆ ಸೆನ್ಸರ್‌ನ ತಪ್ಪೇ ಎಣಿಕೆಗೆ ಸೇರಿಬಿಡುತ್ತದೆ. ಕೆಳತುದಿಯಲ್ಲೂ ಒಂದು ಗುರುತು ಬೇಕು: ಲೋಡ್ ಇಲ್ಲದೆ ಅರ್ಧ ತಾಸು ಬಿಟ್ಟ ಮೇಲೂ 12.8 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮೀಟರ್ ಶೇ. 20ಕ್ಕಿಂತ ಹೆಚ್ಚು ತೋರಿಸಕೂಡದು. ಈ ಬದಲಾವಣೆ ಹಳೆಯ ಬೋರ್ಡ್‌ನಲ್ಲಿ ಆಗದಿದ್ದರೆ ಬೋರ್ಡನ್ನೇ ಬದಲಿಸಿಕೊಡಿ.

‘ಸೆಲ್ ವೀಕ್’ ಎಂಬ ವರದಿಯನ್ನು ಹಿಂಪಡೆದು 30 ದಿನದೊಳಗೆ ಲಿಖಿತ ಉತ್ತರ ಕೊಡದಿದ್ದರೆ, ಪರೀಕ್ಷೆಯ ದಾಖಲೆ ಹಿಡಿದು ಘಟ್ಟ ಇಳಿದು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಬಿಲ್ ಮತ್ತು ಡಿಸ್‌ಪ್ಲೇಯ ಫೋಟೋಗಳನ್ನು ಲಗತ್ತಿಸಿದೆ.

ಇಂತಿ,
ಪ್ಯಾಕ್ ಕೊಂಡ ಏಳು ಮನೆಯವರು