ಮನೆ ಭೇಟಿಗೆ ಹೋಗುವವರ ಗಮನಕ್ಕೆ

ವಿಜಯಪುರ ಜಿಲ್ಲೆಯ ಗೆಳೆಯರೇ, ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಕಷ್ಟದಲ್ಲಿರುವ ಮನೆಯ ಮಗು ಮನೆಯಲ್ಲೇ ಬೆಳೆಯಲಿ ಅಂತ ಕೊಡುವ ನೆರವು) ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅದು ಕಾಯಂ ಅಲ್ಲ, ಅಲ್ವಾ? ದುಡ್ಡು ನಿಂತ ಮೇಲೆ ಮನೆ ಹೇಗೆ ನಡೆಯಬೇಕು ಅಂತ ಮೊದಲ ಭೇಟಿಯಲ್ಲೇ ತಾಯಿಯ ಜೊತೆ ಕೂತು ಮಾತಾಡಿ. ಮಗುವಿಗೆ ಏನೇನು ಬೇಕು ಅಂತ ಬರೆಯುವ ಆರೈಕೆ ಯೋಜನೆಯನ್ನು ನೀವೇ ತುಂಬಿ ಸುಮ್ನೆ ಹೆಬ್ಬೆಟ್ಟು ಒತ್ತಿಸಬೇಡಿ.

ವಿಧವಾ ವೇತನದ ಅರ್ಜಿಗೆ ನಾಡಕಚೇರಿಗೆ ಒಮ್ಮೆ ಜೊತೆಗೆ ಹೋಗಿ, ಯಾವ ಕಾಗದ ಎಲ್ಲಿ ಕೊಡಬೇಕು ತೋರಿಸಿ. ಮುಂದಿನ ಸಲ ಆ ತಾಯಿಯೇ ಹೋಗಿ ಬರಲಿ. ಎಲ್ಲದಕ್ಕೂ ನಾವೇ ಓಡಾಡಿದರೆ ಅವರು ನಮ್ಮ ಫೋನಿಗೇ ಕಾಯುತ್ತಾರೆ.

ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳನ್ನು ದಸರಾಕ್ಕೆ ಮುಂಚೆಯೇ ನೋಡಿ ಬನ್ನಿ. ಮಗು ಯಾರ ಹತ್ತಿರ ಉಳಿಯುತ್ತದೆ, ಬರೆದಿಡಿ.

ಅಪಾಯ ಕಂಡರೆ ತಡ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಹೆಸರು, ಫೋಟೋ ಈ ಗುಂಪಿನಲ್ಲಿ ಹಾಕಲೇಬೇಡಿ.