ತಂಗಿಗೆ, ದೆಗಾನ ಪ್ಯಾಸ್ಟೆಲ್ ವಿಚಾರ

ಪ್ಯಾರಿಸ್

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ. ಇಲ್ಲಿ ಕ್ಷೇಮ.

ಫ್ರೆಂಚ್ ಚಿತ್ರಕಾರ ಎಡ್ಗಾರ್ ದೆಗಾ ಬರೆದ ಸ್ನಾನದ ಚಿತ್ರಗಳಲ್ಲಿ ಮೈಬಣ್ಣ ಹೇಗೆ ಬಂತು ಅಂತ ಕೇಳಿದ್ದೀಯ. ಇಲ್ಲಿ ಓರ್ಸೇ ಮ್ಯೂಸಿಯಂನಲ್ಲಿರೋ ‘ಲೆ ಟಬ್’ (ಸ್ನಾನದ ತೊಟ್ಟಿ) ಚಿತ್ರ ಇಟ್ಟುಕೊಂಡೇ ಹೇಳ್ತೀನಿ. 1886ರದ್ದು, ಕಾರ್ಡಿನ ಮೇಲೆ ಪ್ಯಾಸ್ಟೆಲ್ (ಬಣ್ಣದ ಪುಡಿಯ ಕಡ್ಡಿ), 60 × 83 ಸೆಂ.ಮೀ. ಇಂಪ್ರೆಷನಿಸ್ಟರು ಅನ್ನೋ ಚಿತ್ರಕಾರರ ಗುಂಪಿನ ಎಂಟನೇ ಹಾಗೂ ಕೊನೆಯ ಪ್ರದರ್ಶನಕ್ಕೆ ಇಂಥವುಗಳ ಒಂದು ಸರಣಿಯನ್ನೇ ಇಟ್ಟಿದ್ದ.

ಬಣ್ಣಕ್ಕೆ ಮೊದಲು, ಎಲ್ಲಿ ನಿಂತು ನೋಡಿದ್ದಾನೆ ಗಮನಿಸು. ತಗ್ಗು ತೊಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತವಳನ್ನು ಮೇಲಿನಿಂದ. ಬಲಗಡೆಯ ಹಲಗೆ ಕಾಗದದ ಮೇಲೆ ನೆಟ್ಟಗೆ ನಿಂತುಬಿಟ್ಟಿದೆ, ಅದರ ಮೇಲಿನ ಹೂಜಿಗಳು ಮಾತ್ರ ಪಕ್ಕದಿಂದ ಕಂಡಂತಿವೆ. ಅವಳ ಗಮನವೆಲ್ಲ ಕುತ್ತಿಗೆ ತಿಕ್ಕೋ ಸ್ಪಂಜಿನ ಮೇಲೆ. ಆಪ್ತತೆ ಬಂದಿರೋದು ಅಲ್ಲಿಂದ, ಬೆತ್ತಲೆಯಿಂದಲ್ಲ. ಕದ್ದು ನೋಡಿದಂತೆ ಅನ್ನಿಸಿದರೂ ಇದು ಸ್ಟುಡಿಯೋದಲ್ಲೇ ತೊಟ್ಟಿ ಇಟ್ಟು, ಮಾಡೆಲನ್ನು ಕೂರಿಸಿ ಮಾಡೋ ಕೆಲಸ.

ಈಗ ಬಣ್ಣ. ಸಾಫ್ಟ್ ಪ್ಯಾಸ್ಟೆಲ್‌ನಲ್ಲಿ ಬಣ್ಣದ ಪುಡಿಯೇ ಎಲ್ಲ, ಅಂಟು ಹೆಸರಿಗಷ್ಟೇ. ಕಾಗದದ ತರಿ ತುಂಬಿಹೋದರೆ ಮುಂದಿನ ಬಣ್ಣ ಹಿಡಿಯಲ್ಲ, ಜಾರಿ ಕೆಸರಾಗುತ್ತೆ. ಅದಕ್ಕೇ ದೆಗಾ ಒಂದು ಪದರ ಮುಗಿದ ಮೇಲೆ ಫಿಕ್ಸೆಟಿವ್ (ಪುಡಿಯನ್ನು ಕಾಗದಕ್ಕೆ ಹಿಡಿಸೋ ದ್ರಾವಣ) ಹಾಕಿ, ಒಣಗಿಸಿ, ಮತ್ತೆ ಬರೆಯುತ್ತಿದ್ದ. ಆ ದ್ರಾವಣ ಅವನ ಗೆಳೆಯ ಲುಯಿಜಿ ಕಿಯಾಲಿವಾ ಮಾಡಿಕೊಟ್ಟದ್ದು. ಆಮೇಲಿನ ಚಿತ್ರಗಳಲ್ಲಂತೂ ಬೆನ್ನಿನ ಗುಲಾಬಿಯ ಸಂದಿಗಳಲ್ಲಿ ಹಸಿರು, ನೀಲಿ ಇಣುಕುತ್ತೆ. ಬೆರಳಲ್ಲಿ ತಿಕ್ಕಿ ಬೆರೆಸಿದ್ದರೆ ಅದು ಬೂದಿಬಣ್ಣವಾಗಿ ಸತ್ತುಹೋಗ್ತಿತ್ತು. ನೀನೂ ತಿಕ್ಕಬೇಡ. ಮೈಯ ತಿರುವು ಹಿಡಿದು ಗೀಟು ಹಾಕು.

ಚದರ ಮೀಟರಿಗೆ ಸುಮಾರು 160 ಗ್ರಾಂ ತೂಗೋ, ತರಿ ಇರೋ ಬಣ್ಣದ ಕಾಗದ ತಗೋ, ಬಿಳಿ ಬೇಡ. ಮೊದಲು ಮಂಕು ಹಸಿರಲ್ಲಿ ನೆರಳು, ಬೋರ್ಡಿಗೆ ತಟ್ಟಿ ಪುಡಿ ಉದುರಿಸು, ಒಂದಡಿ ದೂರದಿಂದ ತೆಳ್ಳಗೆ ಫಿಕ್ಸೆಟಿವ್ ಸ್ಪ್ರೇ. ಹತ್ತಿರದಿಂದ ಹೊಡೆದರೆ ಹನಿ ಕೂತು ಕಲೆಯಾಗುತ್ತೆ. ಒಣಗಿದ ಮೇಲೆ ಗುಲಾಬಿ, ಕೊನೆಗೆ ತಿಳಿ ಹಳದಿ, ಬಿಳಿ. ಈ ಕೊನೆ ಪದರಕ್ಕೆ ಸ್ಪ್ರೇ ಮುಟ್ಟಿಸಬೇಡ. ಪುಡಿಯ ನಡುವಿನ ಗಾಳಿ ಇರೋದರಿಂದಲೇ ಬೆಳಕು ಚೆದುರಿ ಬಣ್ಣ ಹೊಳೆಯೋದು. ಆ ಜಾಗಕ್ಕೆ ಸ್ಪ್ರೇಯಲ್ಲಿರೋ ರಾಳ ಹೊಕ್ಕರೆ ಎಲ್ಲ ಕಪ್ಪಿಡುತ್ತೆ, ತಿಳಿ ಬಣ್ಣಗಳು ಎಲ್ಲಕ್ಕಿಂತ ಮೊದಲು.

ಕಾಗದ ಸಾಲದಿದ್ದರೆ ಅಳುಕಬೇಡ, ಪಟ್ಟಿ ಅಂಟಿಸಿ ಮುಂದುವರಿಸು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಮೈ ಒರೆಸಿಕೊಳ್ಳೋ ಹೆಂಗಸಿನ ದೊಡ್ಡ ಚಿತ್ರವೂ ಹೀಗೆ ತುಂಡು ಕಾಗದಗಳನ್ನು ಸೇರಿಸಿದ್ದೇ.

ಫ್ರೇಮಿಗೆ ಗಾಜೇ ಹಾಕಿಸು. ಅಕ್ರಿಲಿಕ್ ಹಾಳೆ ಸ್ಥಾಯೀ ವಿದ್ಯುತ್ತಿನಿಂದ ಪುಡಿ ಎಳೆದುಕೊಳ್ಳುತ್ತೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ (ರಟ್ಟಿನ ಅಂಚು) ಇರಲಿ. ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡ, ಬೂಷ್ಟು ಹಿಡಿಯುತ್ತೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಬರೆದದ್ದರ ಫೋಟೋ ಕಳಿಸು, ಕಿಟಕಿ ಬೆಳಕಲ್ಲಿ ತೆಗೆ, ಫ್ಲ್ಯಾಶ್ ಬೇಡ.

ಇತಿ,
ನಿನ್ನ ಅಕ್ಕ