ಮೊಂತಿ ಹಬ್ಬ ತೆನೆಯ ಹಬ್ಬವೂ ಹೌದು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ರಂದು ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಆಚರಿಸುವ ಮೊಂತಿ ಹಬ್ಬದ ಸುದ್ದಿಯು ಹೆಚ್ಚಾಗಿ ‘ಮಾತೆ ಮರಿಯಮ್ಮನವರ ಜನ್ಮದಿನ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುವುದರಿಂದ, ಅದು ಹೊಸ ಬೆಳೆಯ ಹಬ್ಬವೂ ಹೌದೆಂಬುದು ಅನೇಕ ಓದುಗರಿಗೆ ತಿಳಿಯುವುದೇ ಇಲ್ಲ. ಹಬ್ಬಕ್ಕೆ ಮುನ್ನ ನಡೆಯುವ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾದಲ್ಲಿ ಮಕ್ಕಳು ಬಾಲ ಮರಿಯಮ್ಮನ ಪ್ರತಿಮೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಕುಟುಂಬಗಳಿಗೆ ಹಂಚಲಾಗುತ್ತದೆ; ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಗೆ ತಂದ ತೆನೆಯ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಅಂದು ಮೀನು, ಮಾಂಸ ಇಲ್ಲ. ಬಾಳೆಲೆಯ ಮೇಲೆ ಬಡಿಸುವ ತರಕಾರಿ ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವಾಗಿರಬೇಕೆಂಬುದು ರೂಢಿ. ತುಳುವರ ಪುದ್ವಾರ್, ಕೊಡವರ ಪುತ್ತರಿಯನ್ನು ಬಲ್ಲವರಿಗೆ ಈ ಹೊಸ ಅಕ್ಕಿಯ ಊಟ ಅಪರಿಚಿತವೆನಿಸದು.

ಅದೇ ದಿನ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ನಡೆಯುವ ಉತ್ಸವದಲ್ಲಿ ತೇರಿನ ಮೆರವಣಿಗೆಗೆ ಪ್ರಾಧಾನ್ಯ. ದಿನ ಒಂದೇ ಆದರೂ ಆಚರಣೆಗಳು ಬೇರೆ. ಗದ್ದೆಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ತೆನೆಯ ಸಂಪ್ರದಾಯದ ಬಗ್ಗೆ ತಮ್ಮ ಪತ್ರಿಕೆಯು ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಮಂಗಳೂರು